ಹಣೆಯ ಹಿಂದೆ ಬೆಳೆದದ್ದು

ಪ್ರಸನ್ನಕುಮಾರನ ತುಟಿಗೂ ಒಬ್ಬಟ್ಟಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಬೆನ್ನು ಆಗಲೇ ಗೋಡೆಗೆ ತಾಗಿತ್ತು. ಇನ್ನೂ ಹಿಂದೆ ಸರಿಯಬೇಕೆಂದರೆ ಗೋಡೆ ಒಡೆದು ಪಕ್ಕದ ಮನೆಗೇ ಹೋಗಬೇಕಿತ್ತು.

"ಒಂದು ಚೂರು ತಿನ್ನಪ್ಪ" ಎಂದು ಸೋದರಮಾವ ಮೂಡಲಗಿರಿಯಪ್ಪ ಒಬ್ಬಟ್ಟನ್ನು ಮತ್ತಷ್ಟು ಮುಂದಕ್ಕೆ ತಂದ. ತುಪ್ಪ ಅವನ ಮೊಣಕೈವರೆಗೆ ಇಳಿದಿತ್ತು. "ನಿಮ್ಮತ್ತೆ ಕೋಳಿ ಕೂಗೋಕ್ ಮುಂಚೆ ಎದ್ದು ತಟ್ಟವ್ಳೆ. ಬರಗೂರಿಂದ ಇಲ್ಲಿಗಂಟ ತೊಡೆ ಮ್ಯಾಲೆ ಮಡಿಕ್ಕಂಡು ಬಂದಿದೀನಿ. ಬಾಯ್ ತೆಗಿ."

ಪ್ರಸನ್ನಕುಮಾರ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಬಾಯಿ ತೆರೆದು 'ಬೇಡ' ಎನ್ನುವುದು ಅಪಾಯ. ಮಾವ ಆ ಸಂದಿಯಲ್ಲೇ ತುರುಕುವ ಪೈಕಿ. ಕಣ್ಣು ಮುಚ್ಚಿ ಮೂಗಿನಿಂದ ಉಸಿರೆಳೆದ. ಏಲಕ್ಕಿಯ ಘಮ ನೇರವಾಗಿ ಹಣೆಯ ಹಿಂದೆ ಹೋಗಿ ಕೂತಿತು. ಮನಸ್ಸಿನಲ್ಲೇ ಒಂದರಿಂದ ನೂರು ಎಣಿಸತೊಡಗಿದ. ಮನಸ್ಸಿನಲ್ಲೇ ಎಂದು ಅವನು ತಿಳಿದಿದ್ದ, ತುಟಿ ಅಲುಗುತ್ತಿತ್ತು.

"ನೋಡಮ್ಮ, ಒಬ್ಬೊಬ್ನೇ ಮಾತಾಡ್ಕಂತಾವ್ನೆ" ಎಂದು ಮಾವ ಪಿಸುಗುಟ್ಟಿದ. ಪ್ರಸನ್ನಕುಮಾರನ ಹೆಂಡತಿ ಬಿಂದುಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಮಾವ ಜಗಲಿಗೆ ಹೋಗಿ ಕೂತು, ಅಳುತ್ತ ಅಳುತ್ತ, ತಂದಿದ್ದ ಒಬ್ಬಟ್ಟುಗಳನ್ನೆಲ್ಲ ತಾನೇ ತಿಂದು ಮುಗಿಸಿದ.

ಪ್ರಸನ್ನಕುಮಾರ ಕಣ್ಣು ತೆರೆದ. ಎದುರಿಗೆ ಒಬ್ಬಟ್ಟು ಇರಲಿಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಎಡಗೈಯಲ್ಲಿ, ಏಡಿ ನಡೆದಂಥ ಅಕ್ಷರದಲ್ಲಿ ಬರೆದ: ಹದಿನಾಲ್ಕನೇ ದಿನ. ಒಬ್ಬಟ್ಟು. ಗೆಲುವು.

ಇಂಥ ಗೆಲುವಿನ ಹಿನ್ನೆಲೆಯನ್ನು ಹೇಳದಿದ್ದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ.

ಪ್ರಸನ್ನಕುಮಾರ ಮಧುಗಿರಿಯ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ವಯಸ್ಸು ನಲವತ್ತೆರಡು. 'ಬೇಡ' ಎಂಬ ಪದವನ್ನು ಅವನು ಊಟ ತಿಂಡಿಯ ಸಂದರ್ಭದಲ್ಲಿ ಬಳಸಿದ್ದಕ್ಕೆ ಅಲ್ಲಿಯವರೆಗೆ ಯಾವ ದಾಖಲೆಯೂ ಇರಲಿಲ್ಲ. ಹನ್ನೊಂದು ಗಂಟೆಗೆ ಕಚೇರಿಯ ಪಕ್ಕದ ಹೋಟೆಲಿನಲ್ಲಿ ಬೋಂಡಾ ಬಾಣಲೆಗೆ ಬಿದ್ದ ಸದ್ದು ಅವನಿಗೆ ಮೊದಲು ಕೇಳುತ್ತಿತ್ತು, ಆಮೇಲೆ ಬೇರೆಯವರಿಗೆ. ದಿನಕ್ಕೆ ಆರು ಕಾಫಿ. ನಾಳೆಯಿಂದ ಬೆಟ್ಟದ ಬುಡದವರೆಗೆ ನಡೆಯುತ್ತೇನೆ ಎಂದು ಏಳು ವರ್ಷದಿಂದ ಹೇಳುತ್ತಿದ್ದ. ಬೆಟ್ಟ ಇದ್ದಲ್ಲೇ ಇತ್ತು, ಅವನೂ.

ಹೀಗಿರುವಾಗ ಕಚೇರಿಯವರು ಅವನನ್ನೂ ಸಹೋದ್ಯೋಗಿ ಅಶ್ವತ್ಥನನ್ನೂ ತುಮಕೂರಿನ ತರಬೇತಿಗೆ ಕಳಿಸಿದರು. ವಿಷಯ: ಆತ್ಮಸಂಯಮ ಮತ್ತು ಮೆದುಳು. ತರಬೇತುದಾರ ಕಿರಣ್ ಕುಮಾರ್ ಪರದೆಯ ಮೇಲೆ ಅಕ್ರೋಟಿನಂಥ ಚಿತ್ರವೊಂದನ್ನು ತೋರಿಸಿ, ಕೆಂಪು ಚುಕ್ಕೆಯನ್ನು ಅದರ ಮುಂಭಾಗದಲ್ಲಿ ನಿಲ್ಲಿಸಿದರು.

"ಸಂಯಮ ಇರೋದು ಇಲ್ಲಿ. ನಿಮ್ಮ ಹಣೆಯ ಹಿಂದೆ. ಮನಸ್ಸು ಏನನ್ನೋ ಕೇಳಿದಾಗ ನೀವು ಬೇಡ ಅಂದ್ರೆ, ಈ ಭಾಗ ಬಲಿಯುತ್ತೆ. ಪ್ರತಿ ಸಲ ಬೇಕು ಅಂದ್ರೆ, ಸೊರಗುತ್ತೆ. ಗರಡಿಗೆ ಹೋಗೋ ತೋಳಿನ ಹಾಗೆ."

ಪ್ರಸನ್ನಕುಮಾರ ಹಣೆಯನ್ನು ಮುಟ್ಟಿ ನೋಡಿಕೊಂಡ. ನಲವತ್ತೆರಡು ವರ್ಷ. ದಿನಕ್ಕೆ ಆರು ಕಾಫಿ. ಒಳಗೆ ಉಳಿದಿರುವುದು ಅವರೆಕಾಳಿನಷ್ಟೋ, ಸಾಸಿವೆಯಷ್ಟೋ? ಕೈ ಎತ್ತಿದ. "ಸರ್, ಪೂರ್ತಿ ಸೊರಗಿ ಹೋದ್ರೆ ಏನಾಗುತ್ತೆ?"

"ನಿಮ್ಮ ಅಕ್ಕಪಕ್ಕ ನೋಡ್ಕೊಳ್ಳಿ" ಎಂದರು ಕಿರಣ್ ಕುಮಾರ್. ಸಭೆ ನಕ್ಕಿತು. ಪ್ರಸನ್ನಕುಮಾರ ನಗಲಿಲ್ಲ. ಅವನ ಪಕ್ಕದಲ್ಲಿ ಅಶ್ವತ್ಥ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ.

ಇಪ್ಪತ್ತೊಂದು ದಿನದ ಅಭ್ಯಾಸ ಕೊಟ್ಟರು. ಆಸೆಯಾದದ್ದಕ್ಕೆಲ್ಲ ಬೇಡ ಅನ್ನಬೇಕು. ಬಲಗೈಯಲ್ಲಿ ಮಾಡುವುದನ್ನು ಎಡಗೈಯಲ್ಲಿ ಮಾಡಬೇಕು, ಮೆದುಳು ಎಚ್ಚರವಾಗಿರುತ್ತದೆ. ಹಲ್ಲುಜ್ಜುವಾಗ ಒಂಟಿ ಕಾಲು. ತಣ್ಣೀರು ಸ್ನಾನ. ಎಲ್ಲಕ್ಕಿಂತ ಮುಖ್ಯ, ಯಾರಿಗೂ ಹೇಳಬಾರದು. ಹೇಳಿಕೊಂಡರೆ ಮೆದುಳು ಕೆಲಸ ಮುಗಿದೇ ಹೋಯಿತು ಎಂದು ಹಿಗ್ಗಿ ಮಲಗಿಬಿಡುತ್ತದೆ.

ಪ್ರಸನ್ನಕುಮಾರ ಯಾರಿಗೂ ಹೇಳಲಿಲ್ಲ. ತಾಯಿ ಚಿಕ್ಕಹನುಮಕ್ಕನಿಗೆ ಮಾತ್ರ ಎರಡನೆಯ ದಿನ, ವಿಷಯ ಬಿಟ್ಟುಕೊಡದೆ, ಒಂದು ಬುದ್ಧಿಮಾತು ಹೇಳಿದ. ಆಕೆ ಜಗಲಿಯ ಮೇಲೆ ಸಂಚಿ ಬಿಚ್ಚಿಕೊಂಡು ಕೂತಿದ್ದಳು. ಆ ಬಟ್ಟೆಯ ಚೀಲ, ಅದರೊಳಗಿನ ಎಲೆ, ಅಡಿಕೆ, ಸುಣ್ಣದ ಡಬ್ಬಿ ಅರವತ್ತು ವರ್ಷದಿಂದ ಆಕೆಯ ಸೊಂಟ ಬಿಟ್ಟಿದ್ದಿಲ್ಲ.

"ಅವ್ವ, ದಿನಕ್ಕೆ ಒಂದಾದ್ರೂ ಎಲಡ್ಕೆ ಕಮ್ಮಿ ಮಾಡು. ಮನಸ್ಸು ಗಟ್ಟಿ ಆಯ್ತದೆ."

"ಉಸ್ರು ಬುಡು ಅನ್ನು, ಬುಡ್ತೀನಿ. ಇದನ್ ಬುಡು ಅನ್ಬ್ಯಾಡ" ಎಂದು ಆಕೆ ಬೀದಿಗೆ ಉಗುಳಿದಳು. ಅವರೆಕಾಳಿನಷ್ಟೂ ಇಲ್ಲ, ಪಾಪ, ಎಂದುಕೊಂಡ ಮಗ.

ಮೂರನೆಯ ದಿನ ಬೆಳಿಗ್ಗೆ ಅಶ್ವತ್ಥನ ಫೋನ್ ಬಂತು. ತರಬೇತಿಯಲ್ಲಿ ಇದ್ದವನಾದ್ದರಿಂದ ಅವನ ಬಳಿ ಮಾತಾಡಬಹುದಿತ್ತು. ಪ್ರಸನ್ನಕುಮಾರ ಹಿತ್ತಲ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. ದನಿ ತಗ್ಗಿದ್ದರಿಂದಲೇ ಚಿಕ್ಕಹನುಮಕ್ಕನ ಕಿವಿ ನೆಟ್ಟಗಾಯಿತು. ಆಕೆಗೆ ಕೇಳಿದ್ದು ಇಷ್ಟು:

"ಹೂಂ ಕಣೋ, ಬೆಳೀತಾ ಇದೆ. ನನಗೇ ಗೊತ್ತಾಗ್ತಿದೆ. ಹಣೆ ಹಿಂದೆ, ತಲೆ ಒಳಗೆ... ಒಂಥರಾ ಬಿಗಿ, ನೋವು... ಇಲ್ಲಪ್ಪ, ಮನೇಲಿ ಹೇಳಿಲ್ಲ, ಹೇಳ್ಬೇಡಿ ಅಂದವ್ರಲ್ಲ... ಒಟ್ಟು ಇಪ್ಪತ್ತೊಂದು ದಿನ. ಇವತ್ತಿಗೆ ಮೂರು, ಇನ್ನು ಹದಿನೆಂಟು... ಆಮೇಲೆ ಈ ಪ್ರಸನ್ನಕುಮಾರ ಇರಲ್ಲ ಬಿಡು!"

ಕೊನೆಯ ಮಾತಿಗೆ ಅವನು ನಕ್ಕಿದ್ದೂ ಕೇಳಿಸಿತು. ಸಾವಿಗೆ ನಗುವವನು ಎಷ್ಟು ನೊಂದಿರಬೇಕು! ಎಲೆಯ ಮೇಲೆ ಸುಣ್ಣ ಸವರುತ್ತಿದ್ದ ಚಿಕ್ಕಹನುಮಕ್ಕನ ಹೆಬ್ಬೆರಳು ಅರ್ಧದಲ್ಲೇ ನಿಂತಿತು.

ಅತ್ತೆ ಸೊಸೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು.

"ಗೆಡ್ಡೆ ಕಣಮ್ಮ. ತಲೆ ಒಳ್ಗೆ."

"ಯಾವ ಡಾಕ್ಟ್ರು ಹೇಳಿದ್ರಂತೆ ಅತ್ತೆ?"

"ತುಮ್ಕೂರಿಗೆ ಯಾಕ್ ಹೋಗಿದ್ದ ಮತ್ತೆ? ಟ್ರೇನಿಂಗಂತೆ ಟ್ರೇನಿಂಗು!"

ಬಿಂದುಶ್ರೀ ಡಿಗ್ರಿ ಓದಿದವಳು. ಪರೀಕ್ಷೆ ಮಾಡದೆ ಏನನ್ನೂ ನಂಬಳು. ಗಂಡ ಮಧ್ಯಾಹ್ನದ ಊಟಕ್ಕೆ ಬರುವ ಹೊತ್ತಿಗೆ ಈರುಳ್ಳಿ ಬೋಂಡಾ ಕರಿದು, ಕಾಯಿ ಚಟ್ನಿ ರುಬ್ಬಿ, ತಟ್ಟೆಯನ್ನು ಅವನ ಮುಂದಿಟ್ಟಳು. ಅವನು ತಟ್ಟೆ ನೋಡಿದ. ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಕಣ್ಣಲ್ಲಿ ನೀರಾಡಿತು.

"ಬೇಡ" ಎಂದ.

ಮದುವೆಯಾದ ಹದಿನಾರು ವರ್ಷದಲ್ಲಿ ಬಿಂದುಶ್ರೀ ಆ ಮನುಷ್ಯನ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು. ಇನ್ನು ಯಾವ ಎಕ್ಸ್‌ರೇಯೂ ಬೇಕಿರಲಿಲ್ಲ. ಅವನು ಹೇಳಿಕೊಳ್ಳಲಾರದೆ ಬಚ್ಚಿಟ್ಟಿದ್ದಾನೆ, ನಾವೂ ಗೊತ್ತಿಲ್ಲದವರ ಹಾಗೆ ಇರೋಣ, ಬಾಯಿಗೆ ಬೇಕಾದ್ದನ್ನು ಮಾಡಿ ಹಾಕೋಣ ಎಂದು ಹೆಂಗಸರು ತೀರ್ಮಾನಿಸಿದರು. ಆ ಸಂಜೆ ಚಿಕ್ಕಹನುಮಕ್ಕ ಒಬ್ಬಳೇ ದಂಡಿನ ಮಾರಮ್ಮನ ಗುಡಿಗೆ ಹೋಗಿಬಂದಳು. ಹೋಗುವಾಗ ಸೊಂಟದಲ್ಲಿ ಸಂಚಿ ಇತ್ತು, ಬರುವಾಗ ಇರಲಿಲ್ಲ. ಇದನ್ನು ಯಾರೂ ನೋಡಲಿಲ್ಲ. ಎಲ್ಲರೂ ಪ್ರಸನ್ನಕುಮಾರನನ್ನು ನೋಡುತ್ತಿದ್ದರು.

ಅದರಲ್ಲೂ ಪಕ್ಕದ ಮನೆಯ ಕದರಪ್ಪ. ಪಾವಗಡದ ಕಡೆಯವನು, ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತನಾದವನು. ರೋಗವೆಂದರೆ ಅವನಿಗೆ ತವರುಮನೆ. ಬಿಂದುಶ್ರೀ ಗುಟ್ಟಾಗಿ ಹೇಳಿದ ಮರುದಿನ ಮುಂಜಾನೆಯೇ ಕಾಂಪೌಂಡ್ ಗೋಡೆಯ ಆಚೆ ಸ್ಟೂಲು ಹಾಕಿಕೊಂಡು ನಿಂತ. ಹಿತ್ತಲಲ್ಲಿ ಪ್ರಸನ್ನಕುಮಾರ ಒಂಟಿ ಕಾಲಲ್ಲಿ ನಿಂತು, ಎಡಗೈಯಲ್ಲಿ ಹಲ್ಲುಜ್ಜುತ್ತಿದ್ದ. ಬ್ರಷ್ಷು ಬಾಯಿಗಿಂತ ಹೆಚ್ಚಾಗಿ ಕೆನ್ನೆಯನ್ನು ಉಜ್ಜುತ್ತಿತ್ತು. ಆಮೇಲೆ ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟ ಅನ್ನಿಸುತ್ತ, "ಹಾ! ಹಾ!" ಎಂದು ಕೂಗಿದ.

"ಅಯ್ಯೋ ದೇವುಡಾ" ಎಂದು ಕದರಪ್ಪ ಸ್ಟೂಲಿನಿಂದ ಇಳಿದು ಹೆಂಗಸರಿಗೆ ವರದಿ ಒಪ್ಪಿಸಿದ. "ಬಲಗೈ ಸ್ವಾಧೀನ ಹೋಗೈತೆ. ಒಂದು ಕಾಲೂ ಊರಕಾಗ್ತಿಲ್ಲ. ಮೈಗೆ ಚಳಿ, ಬಿಸಿ ತಿಳೀತಿಲ್ಲ. ಮೂವತ್ತು ವರ್ಷದ ಸರ್ವೀಸಲ್ಲಿ ಇಷ್ಟು ಜಲ್ದಿ ಬೆಳೆಯೋದನ್ನ ನಾನು ನೋಡಿಲ್ಲಮ್ಮ. ಏಮಿ ಚೇಸ್ತಾಮು, ಏನ್ ಮಾಡಾಕಾಗ್ತದೆ, ಧೈರ್ಯವಾಗಿರಿ."

ಧೈರ್ಯವಾಗಿರಿ ಎಂದು ಕದರಪ್ಪ ಹೇಳಿದ ಮೇಲೆ ಆ ಮನೆಯಲ್ಲಿ ಯಾರೂ ಧೈರ್ಯವಾಗಿರಲಿಲ್ಲ.

ಸುದ್ದಿ ಕಳ್ಳಂಬೆಳ್ಳದ ನಾದಿನಿಗೆ ತಲುಪಿತು. ಆಕೆ ಕಜ್ಜಾಯ ತಂದಳು. ಸಿರಾದ ದೊಡ್ಡಪ್ಪನ ಮಗ ನಾಟಿಕೋಳಿ ತಂದ. ರೋಗಿಯ ಆಸೆ ಉಳಿಯಬಾರದಲ್ಲ, ಆದ್ದರಿಂದ ಬಂದವರೆಲ್ಲ ಅವನಿಗೆ ಚಿಕ್ಕಂದಿನಿಂದ ಯಾವುದು ಇಷ್ಟವೋ ಅದನ್ನೇ ಹೊತ್ತು ತಂದರು. ಪ್ರಸನ್ನಕುಮಾರ ಬೆರಗಾದ. ಅಭ್ಯಾಸ ಶುರು ಮಾಡಿದವನಿಗೆ ಪ್ರಲೋಭನೆಗಳು ಹುಡುಕಿಕೊಂಡು ಬರುತ್ತವೆ ಎಂದು ಕಿರಣ್ ಕುಮಾರ್ ಎಚ್ಚರಿಸಿದ್ದರು. ಆದರೆ ಅವು ಬಸ್ಸು ಹತ್ತಿ ಬರುತ್ತವೆ ಎಂದು ಹೇಳಿರಲಿಲ್ಲ. ಅವನು ಒಂದೊಂದಕ್ಕೂ ಬೇಡ ಎಂದ. ಒಂದೊಂದು ಬೇಡಕ್ಕೂ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿತ್ತಲಿಗೆ ಹೋಗಿ ಮೂಗು ಸೀನಿಕೊಂಡರು.

ಕಚೇರಿಗೂ ವಿಷಯ ಹೋಗಿತ್ತು. ಮ್ಯಾನೇಜರ್ ಪ್ರಭುದೇವ್ ಎಂಬುವರು ತಮ್ಮ ಎದುರಿನ ಕುರ್ಚಿಯ ಮೇಲೆ ಸದಾ ಕಡತಗಳನ್ನು ಪೇರಿಸಿಡುತ್ತಿದ್ದರು, ಯಾರೂ ಕೂರಬಾರದೆಂದು. ಹನ್ನೆರಡನೆಯ ದಿನ ಅವರೇ ಎದ್ದು ಕಡತಗಳನ್ನು ನೆಲಕ್ಕಿಟ್ಟು, ಕರವಸ್ತ್ರದಿಂದ ಕುರ್ಚಿಯ ದೂಳು ಹೊಡೆದರು.

"ಕೂತ್ಕೊಳ್ಳಿ ಪ್ರಸನ್ನಕುಮಾರ್."

"ಪರವಾಗಿಲ್ಲ ಸರ್." ಕೂರಬೇಕೆಂಬ ಆಸೆಯಾಯಿತು, ಆದ್ದರಿಂದ ಕೂರಲಿಲ್ಲ.

ಪ್ರಭುದೇವ್ ಹಾಜರಿ ಪುಸ್ತಕ ಬಿಡಿಸಿದರು. ಎಡಗೈಯ ಸಹಿಗಳು ಸಾಲಾಗಿ ನಡುಗುತ್ತಿದ್ದವು. ದಿನದಿಂದ ದಿನಕ್ಕೆ ಹೆಚ್ಚು ನಡುಗುತ್ತಿದ್ದವು. ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು.

"ನಿಮ್ಮ ನಾಮಿನಿ ಫಾರಂ ಸರಿ ಇದೆಯಾ?"

"ಮಿಸೆಸ್ ಹೆಸರಿದೆ ಸರ್."

"ಬಿಂದು ಒಂದು ಪದವೋ, ಶ್ರೀ ಬೇರೆಯೋ? ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಸ್ಪೆಲಿಂಗಿಗೋಸ್ಕರ ಆಮೇಲೆ ಆ ಹೆಣ್ಣುಮಗಳು ಮೆಟ್ಟಿಲು ಹತ್ತಿ ಇಳಿಯೋ ಹಾಗೆ ಆಗಬಾರದು." ಪ್ರಭುದೇವ್ ಅದೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ನಿಮ್ಮ ಬಾಕಿ ಕಡತಗಳನ್ನ ಅಶ್ವತ್ಥನಿಗೆ ಕೊಡಿ. ನೀವು ಸುಮ್ಮನೆ ಕೂತಿರಿ."

ಮೂರು ವರ್ಷದ ಬಾಕಿ ಕಡತಗಳು ಒಂದೇ ಮಾತಿಗೆ ಹೋದವು. ಸಂಯಮಕ್ಕೆ ಇಷ್ಟು ಶಕ್ತಿಯೇ! ಪ್ರಸನ್ನಕುಮಾರ ಎದೆ ಉಬ್ಬಿಸಿ ಹೊರಗೆ ಬಂದ. ಸಹೋದ್ಯೋಗಿಗಳು ಎದ್ದು ನಿಂತರು. ಅಶ್ವತ್ಥ ಮಾತ್ರ ಎದ್ದು ನಿಲ್ಲಲಿಲ್ಲ. ಗೆಡ್ಡೆಯ ಸುದ್ದಿ ಬೇರೆ, ತರಬೇತಿಯ ವಿಷಯ ಬೇರೆ ಎಂದು ತಿಳಿದಿದ್ದ ಅವನು ಕಡತಗಳನ್ನು ನೋಡಿ ಮನಸಾರೆ ಅಳುತ್ತಿದ್ದ.

ಹೀಗೆ ಹದಿನಾಲ್ಕನೆಯ ದಿನ ಬಂತು, ಒಬ್ಬಟ್ಟು ಬಂತು, ಹೋಯಿತು. ನೋಟ್‌ಬುಕ್ ಜೇಬಿಗಿಟ್ಟು ಪ್ರಸನ್ನಕುಮಾರ ಜಗಲಿಯ ಕಡೆ ಹೆಜ್ಜೆ ಹಾಕಿದ. ಅಲ್ಲಿ ಮಾವ ತುಪ್ಪದ ಕೈಯನ್ನು ಪಂಚೆಗೆ ಒರೆಸುತ್ತ ಕದರಪ್ಪನಿಗೆ ಹೇಳುತ್ತಿದ್ದ: "ಇನ್ ಏಳೇ ದಿನ ಅಲ್ವ್ರಾ?"

"ಏನು ಏಳು ದಿನ, ಮಾವ?"

ಮಾವ ಮುಖವನ್ನೂ ಪಂಚೆಗೆ ಒರೆಸತೊಡಗಿದ. ಕದರಪ್ಪನಿಗೆ ಮೂವತ್ತು ವರ್ಷದ ಅನುಭವವಿದ್ದರೂ ಗುಟ್ಟು ಕಾಯುವ ಅನುಭವವಿರಲಿಲ್ಲ. "ಬಚ್ಚಿಟ್ಟಿದ್ದು ಸಾಕು ಸಾಮಿ. ಗೆಡ್ಡೆ ಸಂಗತಿ ಎಲ್ರಿಗೂ ಗೊತ್ತೈತೆ."

ಫೋನಿನ ಕಥೆಯೆಲ್ಲ ಹೊರಬಿತ್ತು. ಪ್ರಸನ್ನಕುಮಾರ ಮೊದಲು ನಕ್ಕ. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ. "ಅಯ್ಯೋ, ಅದು ಗೆಡ್ಡೆ ಅಲ್ಲ ಕಣ್ರೀ! ತಲೇಲಿ ಬೆಳೀತಿರೋದು ನಿಜ. ಆದ್ರೆ ಅದು ಒಳ್ಳೇದು. ನಾನೇ ಬೆಳೆಸ್ತಾ ಇದೀನಿ!"

ಕದರಪ್ಪ ಮಾವನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಬುದ್ಧಿಗೂ ಬಂತು."

"ನನಗೇನೂ ಆಗಿಲ್ಲ!"

"ಸರಿ. ತಲೆನೋವು ಐತಾ, ಇಲ್ವಾ?"

"ಅದು... ಇದೆ."

"ಎಷ್ಟು ದಿನದಿಂದ?"

"ಎರಡನೇ ದಿನದಿಂದ."

"ಕೈ ನಡುಗುತ್ತಾ?"

ಪ್ರಸನ್ನಕುಮಾರ ಕೈ ಚಾಚಿದ. ಕೈ ನಡುಗುತ್ತಿತ್ತು. ಚಾಚಿದ್ದು ಎಡಗೈ ಎಂದು ನೆನಪಾಗಿ ಬಲಗೈ ಚಾಚಿದ. ಅದೂ ನಡುಗುತ್ತಿತ್ತು. ಹಣೆಯ ಹಿಂದಿನ ಬಿಗಿ, ಇಷ್ಟು ದಿನ ಸಂಯಮ ಬೆಳೆಯುವ ಸದ್ದೆಂದು ಹೆಮ್ಮೆಪಟ್ಟಿದ್ದ ಅದೇ ಬಿಗಿ, ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ತಟ್ಟಿತು. ಅವನು ಜಗಲಿಯ ಮೇಲೆ ಕುಸಿದು ಕೂತ.

"ಬಿಂದೂ" ಎಂದ. "ನಾಮಿನಿ ಫಾರಂ..."

ಮನೆಯೆಲ್ಲ ಒಟ್ಟಿಗೆ ಗೊಳೋ ಎಂದಿತು.

ಎದುರು ಮನೆಯ ಅಂಜನ್ ಕುಮಾರ್ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಬಿಂದುಶ್ರೀಗೂ ಮಾವನಿಗೂ ನಡುವೆ ಪ್ರಸನ್ನಕುಮಾರನನ್ನು ಕೂರಿಸಿದರು, ಮುಂದೆ ಕದರಪ್ಪ. ಚಿಕ್ಕಹನುಮಕ್ಕ ಬರಲಿಲ್ಲ. "ನಾನ್ ಇಲ್ಲೇ ಇರ್ತೀನಿ. ನನ್ ಕೆಲ್ಸ ಇಲ್ಲೈತೆ" ಎಂದಷ್ಟೇ ಹೇಳಿ, ಸೆರಗಿನ ತುದಿಯನ್ನು ಬಾಯಲ್ಲಿಟ್ಟು ಅಗಿಯುತ್ತ ಕೂತಳು.

ಕಾರು ಕೊರಟಗೆರೆ ದಾಟಿತು. ಆಮೇಲೆ ಕದರಪ್ಪ, ತಾನು ಕಂಡ ತಲೆಯ ರೋಗಿಗಳ ಬಗ್ಗೆ ಒಂದೊಂದೇ ಹೇಳತೊಡಗಿದ. ಯಾವ ಕಥೆಯಲ್ಲೂ ರೋಗಿ ಕೊನೆಯವರೆಗೆ ಇರಲಿಲ್ಲ. ಮೂರನೆಯ ಕಥೆಗೆ ಅಂಜನ್ ಕುಮಾರ್ ಕಾರು ನಿಲ್ಲಿಸಿ, "ಯಜಮಾನ್ರೇ, ಇನ್ನೊಂದು ಕಥೆ ಹೇಳಿದ್ರೆ ಇಳಿಸಿ ಹೋಗ್ತೀನಿ" ಎಂದ. ಪ್ರಸನ್ನಕುಮಾರ ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಯಾವ ಕೈ ಎಡದ್ದು, ಯಾವುದು ಬಲದ್ದು ಎಂಬ ಲೆಕ್ಕ ತಪ್ಪಿಹೋಗಿತ್ತು.

ತುಮಕೂರಿನ ಸ್ಕ್ಯಾನಿಂಗ್ ಕೇಂದ್ರದಲ್ಲಿ ಅವನನ್ನು ಉದ್ದನೆಯ ಹಲಗೆಯ ಮೇಲೆ ಮಲಗಿಸಿ ಬಿಳಿಯ ಕೊಳವೆಯೊಳಗೆ ತಳ್ಳಿದರು. ಅಲುಗಬಾರದು ಎಂದರು. ಕೊಳವೆ ಟಕಟಕ, ಢಣಢಣ ಎಂದು ಬಡಿದುಕೊಳ್ಳುತ್ತಿದ್ದಾಗ ಪ್ರಸನ್ನಕುಮಾರ ತಾನು ಹದಿನಾಲ್ಕು ದಿನದಲ್ಲಿ ಬೇಡ ಎಂದ ಬೋಂಡಾಗಳನ್ನೆಲ್ಲ ಹೆಸರು ಹಿಡಿದು ನೆನೆದು ಕ್ಷಮೆ ಕೇಳಿದ. ಹೊರಗೆ ಬೆಂಚಿನ ಮೇಲೆ ಬಿಂದುಶ್ರೀ ತಾಳಿಯನ್ನು ಕಣ್ಣಿಗೊತ್ತಿಕೊಂಡು ಕೂತಿದ್ದಳು. ಮಾವ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದ, ಸ್ಕ್ಯಾನಿಂಗ್ ಯಂತ್ರದ ಬಾಗಿಲಿಗೆ.

ಒಂದು ಗಂಟೆಯ ನಂತರ ಡಾಕ್ಟರಮ್ಮ ಒಳಗೆ ಕರೆದರು. ಚಿಕ್ಕ ವಯಸ್ಸಿನವರು. ಕರಿಯ ಹಾಳೆಯನ್ನು ಬೆಳಕಿಗೆ ಹಿಡಿದರು. ಎಂಟು ಕಣ್ಣುಗಳು ಹಾಳೆಯನ್ನು ನೋಡಿದವು. ಅದೇ ಅಕ್ರೋಟು.

"ಏನೂ ಇಲ್ಲ."

ಬಿಂದುಶ್ರೀ ಅತ್ತಳು. ಮಾವ ಕುರ್ಚಿಯ ಕೈಯನ್ನು ತಬ್ಬಿಕೊಂಡ. ಪ್ರಸನ್ನಕುಮಾರನಿಗೆ ಹೋದ ಜೀವ ಬಂತು. ಬಂದ ಜೀವ ಕೂಡಲೇ ಒಂದು ಅನುಮಾನ ತಂದಿತು.

"ಏನೂ ಇಲ್ವಾ ಮೇಡಂ? ಮುಂದೆಗಡೆ? ಹಣೆ ಹಿಂದೆ? ಒಂಚೂರು?"

"ಒಂಚೂರೂ ಇಲ್ಲ."

"ಹದಿನಾಲ್ಕು ದಿನದಿಂದ ಬೆಳೆಸ್ತಾ ಇದ್ದೆ..."

ಡಾಕ್ಟರಮ್ಮ ಕಥೆ ಪೂರ್ತಿ ಕೇಳಿದರು. ಎರಡು ಸಲ ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು. "ಅಭ್ಯಾಸ ಮಾಡಿದ್ರೆ ಮೆದುಳು ಬದಲಾಗುತ್ತೆ, ನಿಜ. ಆದ್ರೆ ಅದು ಇಷ್ಟು ಬೇಗ, ಹೀಗೆ ಹಾಳೆ ಮೇಲೆ ಕಾಣೋ ಕುಂಬಳಕಾಯಿ ಅಲ್ಲ. ದಿನಕ್ಕೆ ಆರು ಕಾಫಿ ಕುಡಿಯೋರು ಒಂದೇ ದಿನ ನಿಲ್ಲಿಸಿದ್ರೆ ತಲೆ ನೋಯುತ್ತೆ. ಹೊಟ್ಟೆಗೆ ಸರಿಯಾಗಿ ಹಾಕದಿದ್ರೆ ಕೈ ನಡುಗುತ್ತೆ. ಹೋಗಿ ಊಟ ಮಾಡಿ."

ವಾಪಸು ಬರುವಾಗ ಕೊರಟಗೆರೆಯಲ್ಲಿ ಕಾರು ನಿಂತಿತು. ಪ್ರಸನ್ನಕುಮಾರ ಎಂಟು ಬೋಂಡಾ ತಿಂದು ಎರಡು ಕಾಫಿ ಕುಡಿದ, ಬಲಗೈಯಲ್ಲಿ. ಒಂದೊಂದು ಬೋಂಡಾ ಒಳಗೆ ಹೋದಾಗಲೂ ಬಿಂದುಶ್ರೀಯ ಮುಖಕ್ಕೆ ರಕ್ತ ಬಂತು. ಎಂಟನೆಯದಕ್ಕೆ ಅವಳು ಎಂದಿನಂತೆ "ಸಾಕು ಬಿಡ್ರೀ, ಅದೇನು ಹೊಟ್ಟೇನೋ ರಾಗಿ ಹಗೇವೋ" ಎಂದು ಗದರಿದಳು. ಕದರಪ್ಪ ಮಾತ್ರ ಹಾಳೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದ.

ಮಧುಗಿರಿ ಮುಟ್ಟುವಾಗ ಸಂಜೆಯ ಬಿಸಿಲು ಬೆಟ್ಟದ ನೆತ್ತಿಗೆ ಏರಿತ್ತು. ಬಸ್ ನಿಲ್ದಾಣದ ಹತ್ತಿರ ಪ್ರಸನ್ನಕುಮಾರ ಇಳಿದು ಒಂದು ಕಟ್ಟು ಎಳೆಯ ವೀಳ್ಯದೆಲೆ, ಅಡಿಕೆ, ಸುಣ್ಣ ಕೊಂಡ. ಎರಡು ವಾರ ಎಲ್ಲರನ್ನೂ ಹೆದರಿಸಿದ್ದಕ್ಕೆ ಅವ್ವನನ್ನಾದರೂ ಸಂತೋಷಪಡಿಸಬೇಕೆನ್ನಿಸಿತು.

ಚಿಕ್ಕಹನುಮಕ್ಕ ಬಿಟ್ಟುಹೋದ ಜಾಗದಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಸೆರಗಿನ ತುದಿ ಬಾಯಲ್ಲೇ ಇತ್ತು, ಒದ್ದೆಯಾಗಿ, ನೂಲು ನೂಲಾಗಿ.

"ಏನೂ ಇಲ್ಲವಂತೆ ಕಣವ್ವ!"

ಆಕೆ ಅವನ ಹಣೆಯ ಮೇಲೆ ಅಂಗೈಯಿಟ್ಟು ಒತ್ತಿ ನೋಡಿದಳು, ಕುಂಬಳಕಾಯಿ ಬಲಿತಿದೆಯೇ ಎಂದು ನೋಡುವ ಹಾಗೆ. ಮತ್ತೆ ಗುಡಿಯ ಕಡೆ ತಿರುಗಿ ಕೈ ಮುಗಿದಳು.

ಪ್ರಸನ್ನಕುಮಾರ ಪಕ್ಕದಲ್ಲಿ ಕೂತು ಎಲೆಯ ತೊಟ್ಟು ಮುರಿದ, ನಾರು ತೆಗೆದ, ಸುಣ್ಣ ಸವರಿದ, ಅಡಿಕೆ ಇಟ್ಟು ಮಡಿಸಿದ. "ತಗ. ಇನ್ಮೇಲೆ ಬುಡು ಅನ್ನಾಕಿಲ್ಲ."

"ಬ್ಯಾಡ."

"ಯಾಕವ್ವ? ಸಂಚಿ ಎಲ್ಲಿ?"

"ಅಮ್ಮನ್ ತಾವ ಐತೆ."

"ಯಾವಾಗಿಂದ?"

"ನೀನ್ ಫೋನ್ನಾಗೆ ಮಾತಾಡಿದ್ ದಿನದಿಂದ. ನನ್ ಮಗನ್ ತಲೆ ಒಳ್ಗಿಂದು ಕರ್ಗಿಸು, ನನ್ ಸಂಚಿ ನೀನ್ ಮಡಿಕ್ಕ ಅಂದೆ."

ಹನ್ನೊಂದು ದಿನ. ನೋಟ್‌ಬುಕ್ ಇಲ್ಲದೆ, ಒಂಟಿ ಕಾಲಿಲ್ಲದೆ, ದಿನವಿಡೀ ಜೊತೆಗಿರುವ ಸೊಸೆಗೂ ತಿಳಿಯದೆ. ಪ್ರಸನ್ನಕುಮಾರ ಜೇಬಿನ ನೋಟ್‌ಬುಕ್ಕನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

"ಅವ್ವ, ನನ್ ತಲೇಲಿ ಏನೂ ಇರ್ಲೇ ಇಲ್ಲ. ಡಾಕ್ಟ್ರೇ ಹೇಳವ್ರೆ. ಹಂಗಾದ್ರೆ ಹರಕೇನೂ ಇಲ್ಲ."

"ನೀನೇ ಬೆಳೀತೈತೆ ಅಂದೆ, ನಿನ್ ಬಾಯಾಗೇ. ಈಗ ಇಲ್ಲ ಅಂತೀಯ. ನಡ್ವೆ ಯಾರ್ ತೆಗುದ್ರು ಅದ್ನ?"

ಕದರಪ್ಪ ಹಾಳೆಯನ್ನು ಮಡಿಸಿ, ತಲೆ ತೂಗಿದ.

"ಎಷ್ಟು ದಿನಕ್ಕವ್ವ ಹರಕೆ?" ಎಂದ ಮಗ.

"ದಿನ ಏನ್ ಬಂತು. ನಾನ್ ಇರೋಗಂಟ. ಬಾಯಿಗ್ ಹಾಕ್ಕಂಡು, ಅದು ತಿರ್ಗಾ ಬಂದ್ರೆ?" ಎಲೆಯತ್ತ ಹೊರಟಿದ್ದ ಕೈಯನ್ನು ಆಕೆ ತೊಡೆಯ ಕೆಳಗೆ ಅಡಗಿಸಿದಳು.

"ಒಂದೇ ಒಂದು. ಕೊನೇದು."

ಅವನು ಎಲೆಯನ್ನು ಮುಂದಕ್ಕೆ ತಂದ. ಆಕೆಯ ಬೆನ್ನು ಗೋಡೆಗೆ ತಾಗಿತ್ತು. ತುಟಿಗೂ ಎಲೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಹಸಿ ಎಲೆಯ ಘಾಟು ಆಕೆಯ ಮೂಗಿಗೆ ಬಡಿಯಿತು; ಹೊಳ್ಳೆಗಳು ಅರಳಿದವು. ಆದರೆ ಆಕೆ ಕಣ್ಣು ಮುಚ್ಚಲಿಲ್ಲ, ಎಣಿಸಲಿಲ್ಲ, ತುಟಿ ಬಿಗಿಯಲಿಲ್ಲ. ಬಾಯನ್ನು ಅಗಲವಾಗಿ ತೆರೆದೇ ಹೇಳಿದಳು:

"ಬ್ಯಾಡ ಅಂದ್ನಲ್ಲ."